ಆಮೆನ್ ಅಂದವರು

ಕೋಲಾರದ ಮಿಷನ್ ಕಾಂಪೌಂಡಿನ ಹಿಂದಿನ ಬೀದಿಯಲ್ಲಿದ್ದ ದೇವದಾನಪ್ಪನವರ ಮನೆಯಲ್ಲಿ ಜಗಳವೇ ಆಗುವುದಿಲ್ಲವೆಂದು ಚರ್ಚಿನ ಸಭೆಯವರೆಲ್ಲ ಹೊಗಳುತ್ತಿದ್ದರು. ಹೊಗಳಿಕೆ ಸುಳ್ಳೇನಲ್ಲ. ಆ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿ ದನಿ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವರ ಜಗಳವೆಲ್ಲ ಸಂಜೆ ದೀಪ ಹಚ್ಚಿದ ಮೇಲೆ, ಚಾಪೆಯ ಮೇಲೆ ಮೊಣಕಾಲೂರಿ, ಕಣ್ಣು ಮುಚ್ಚಿಕೊಂಡು, ದೇವರ ಮೂಲಕ ನಡೆಯುತ್ತಿತ್ತು.

ಕುಟುಂಬ ಪ್ರಾರ್ಥನೆಯನ್ನು ಅವರು ಒಂದು ಸಂಜೆಯೂ ತಪ್ಪಿಸಿದವರಲ್ಲ. ಒಂದು ಕೀರ್ತನೆ, ವೇದಪುಸ್ತಕವಾದ ಬೈಬಲಿನಿಂದ ಒಂದು ಅಧ್ಯಾಯ, ಆಮೇಲೆ ಚಿಕ್ಕವರಿಂದ ಹಿಡಿದು ದೊಡ್ಡವರವರೆಗೆ ಒಬ್ಬೊಬ್ಬರೂ ಬಾಯಿಬಿಟ್ಟು ಪ್ರಾರ್ಥಿಸಬೇಕು. ಮಗ ಪ್ರಭಾಕರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಬೀಡಿ ಸೇದಿ ಬಂದ ದಿನ ತಾಯಿ ಸಮಾಧಾನಮ್ಮ, "ಕರ್ತನೇ, ನೀನು ಕೊಟ್ಟ ದೇಹವನ್ನು ಹೊಗೆಗೂಡು ಮಾಡಿಕೊಳ್ಳುವವರಿಗೆ ಬುದ್ಧಿ ಕೊಡು" ಎನ್ನುವರು. ಮಾರನೆಯ ದಿನ ಪ್ರಭಾಕರ, "ತಂದೆಯೇ, ಹಗಲೆಲ್ಲ ಗ್ರೀಸಿನಲ್ಲಿ ಮುಳುಗಿ ಬರುವವರನ್ನು ಕಂಡರೆ ಹಿರಿಯರ ಹೃದಯದಲ್ಲಿ ಕರುಣೆ ಹುಟ್ಟಿಸು" ಎಂದು ಉತ್ತರ ಕೊಡುವನು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಮಗಳು ಪ್ರೇಮಲತ ಸಾರಿನ ಉಪ್ಪಿನ ವಿಷಯವನ್ನೂ ಪರಲೋಕಕ್ಕೆ ತಲುಪಿಸುತ್ತಿದ್ದಳು. ಪ್ರತಿಯೊಬ್ಬರ ಪ್ರಾರ್ಥನೆಗೂ ಉಳಿದವರು "ಆಮೆನ್" ಅನ್ನಲೇಬೇಕು. ಅದರಲ್ಲಿ ದೇವದಾನಪ್ಪನವರ ಆಮೆನ್ ಎಲ್ಲರದಕ್ಕಿಂತ ಗಟ್ಟಿ. ಆಸ್ಪತ್ರೆಯಲ್ಲಿ ಕಂಪೌಂಡರಾಗಿ ವರಾಂಡದಲ್ಲಿ ರೋಗಿಗಳ ಹೆಸರು ಕೂಗಿ ಕೂಗಿ ಪಳಗಿದ ಗಂಟಲು ಅದು. ನಿವೃತ್ತರಾದ ಮೇಲೆ ಸಭೆಯ ಹಿರಿಯರಾಗಿದ್ದರು.

ಪಕ್ಕದ ಮನೆಯ ಶಾಮಲಮ್ಮನಿಗೆ ಗೋಡೆಯಾಚೆಯಿಂದ ಎಲ್ಲವೂ ಕೇಳಿಸುತ್ತಿತ್ತು. ಬೆಳಗ್ಗೆ ನಲ್ಲಿಯ ಹತ್ತಿರ ಸಿಕ್ಕಾಗ, "ಏನಮ್ಮಾ ಸಮಾಧಾನಮ್ಮ, ನಿನ್ನೆ ಸಾರು ಉಪ್ಪಾಗಿತ್ತಂತೆ?" ಎಂದು ನಗುತ್ತಿದ್ದಳು.

ಹಾಗೆಂದು ಅವರ ಭಕ್ತಿ ನಾಟಕವೆಂದು ಯಾರೂ ತಿಳಿಯಬಾರದು. ಸಮಾಧಾನಮ್ಮ ತಲೆಬಾಗದೆ ಒಲೆ ಹಚ್ಚಿದವರಲ್ಲ. ಸ್ತೋತ್ರ ಹೇಳದೆ ಆ ಮನೆಯಲ್ಲಿ ಒಂದು ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಯಾರಿಗೆ ಕಾಯಿಲೆಯೆಂದರೂ ದೇವದಾನಪ್ಪ ಬಿಸಿಲಲ್ಲಿ ನಡೆದುಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬರುತ್ತಿದ್ದರು. ಅಡುಗೆಮನೆಯ ಹಲಗೆಯ ಮೇಲೆ ಒಂದು ದೊಡ್ಡ ಡಬ್ಬವಿತ್ತು. ಹಿಂದೊಮ್ಮೆ ಮಿಷನ್‌ನವರು ಹಂಚಿದ ಹಾಲಿನ ಪುಡಿಯದು. ಅದಕ್ಕೆ ಕರ್ತನ ಡಬ್ಬ ಎಂದು ಹೆಸರು. ಪ್ರತಿ ಸಲ ಒಲೆಗೆ ಎಸರಿಡುವ ಮೊದಲು ಒಂದು ಹಿಡಿ ಅಕ್ಕಿ ಅದಕ್ಕೆ ಬೀಳಬೇಕು. ತಿಂಗಳ ಮೊದಲ ಭಾನುವಾರ ಎಲ್ಲ ಮನೆಗಳ ಹಿಡಿ ಅಕ್ಕಿಯೂ ದೇವಾಲಯಕ್ಕೆ ಹೋಗಿ, ಅಲ್ಲಿಂದ ಸಭೆಯ ವಿಧವೆಯರಿಗೆ ಹಂಚಿಕೆಯಾಗುತ್ತಿತ್ತು. ಮನೆಯ ಮಿಕ್ಕ ಅಕ್ಕಿ, ರಾಗಿ, ಬೇಳೆಯನ್ನೆಲ್ಲ ಸಮಾಧಾನಮ್ಮ ಅಳೆದೇ ಇಡುವವರು. ಆ ಡಬ್ಬವನ್ನು ಮಾತ್ರ ಅಳೆಯುತ್ತಿರಲಿಲ್ಲ. ದೇವರದನ್ನು ಅಳೆಯುವುದು ಸರಿಯಲ್ಲವೆಂಬ ಭಯ.

ಎಪ್ಪತ್ತೆಂಟನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ಡಬ್ಬ ತುಂಬುವುದು ನಿಂತಿತು. ಮೊದಲು ಕಂಠದವರೆಗೆ ಬರುತ್ತಿದ್ದ ಅಕ್ಕಿ ಈಗ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಸಮಾಧಾನಮ್ಮ ಯಾರಿಗೂ ಏನೂ ಹೇಳಲಿಲ್ಲ. ಬೆಳಗಿನ ಅಡುಗೆಯ ಹಿಡಿ ಹಾಕಿದ ಮೇಲೆ ಅಕ್ಕಿಯನ್ನು ಸಮನಾಗಿ ಸವರಿ, ತೋರುಬೆರಳಿನಿಂದ ಅದರ ಮೇಲೊಂದು ಸಣ್ಣ ಶಿಲುಬೆ ಬರೆದು ಮುಚ್ಚಳ ಹಾಕಿದರು. ಸಂಜೆ ತೆರೆದು ನೋಡಿದರು. ಶಿಲುಬೆ ಇತ್ತು. ಆದರೆ ಅಕ್ಕಿ ಇಳಿದಿತ್ತು.

ಕದ್ದವರು ಶಿಲುಬೆಯನ್ನು ಮತ್ತೆ ಬರೆದಿಟ್ಟಿದ್ದಾರೆ! ಹೆಸರಲ್ಲಿ ಸಮಾಧಾನವಿದ್ದರೂ ಮನಸ್ಸಿನಲ್ಲಿ ಅದು ಒಂದು ಗಳಿಗೆಯೂ ನಿಲ್ಲದ ಹೆಂಗಸು ಅವರು. ಯಾರೆಂದು ಯೋಚಿಸಲು ಹೊತ್ತೇ ಹಿಡಿಯಲಿಲ್ಲ. ಅಡುಗೆಮನೆಯಲ್ಲಿ ಕೈಯಾಡಿಸುವವಳು ಸೊಸೆ ಮಾರ್ತ ಒಬ್ಬಳೇ. ಆಕೆಯ ತವರು ಮುಳಬಾಗಿಲು ಕಡೆಯ ತಾಯಲೂರು, ಕೆರೆ ತುಂಬಿದರೆ ಊಟ ಎನ್ನುವ ಮನೆ. ಹಿಂದಿನ ವಾರವಷ್ಟೇ ಅವಳ ತಾಯಿ ಮುನಿಯಲ್ಲಮ್ಮ ಒಂದು ಚೀಲ ಕಡಲೆಕಾಯಿ ತಂದುಕೊಟ್ಟು, ಹೋಗುವಾಗ ಅದೇ ಚೀಲವನ್ನು ತುಂಬಿಕೊಂಡು ಹೋಗಿದ್ದಳು. ಚೀಲದಲ್ಲಿದ್ದದ್ದು ಪ್ರೇಮಲತ ಕೊಟ್ಟ ಹಳೆಯ ಸೀರೆಗಳು. ಆದರೆ ಸಮಾಧಾನಮ್ಮನ ಕಣ್ಣಿಗೆ ಈಗ ಆ ಚೀಲ ಅಕ್ಕಿಯ ಹಾಗೆಯೇ ಕಾಣತೊಡಗಿತು.

ಅಂದು ಸಂಜೆ ಸಮಾಧಾನಮ್ಮನ ಪ್ರಾರ್ಥನೆಯ ಸರದಿ ಬಂತು.

"ಸರ್ವವನ್ನೂ ನೋಡುವ ಕರ್ತನೇ, ಈ ಮನೆಯಲ್ಲಿ ನಿನ್ನ ಭಾಗಕ್ಕೆ ಕೈಹಾಕುವ ಕೈಯೊಂದಿದೆ. ನಿನ್ನ ಶಿಲುಬೆಯನ್ನೇ ಆಟದ ಸಾಮಾನು ಮಾಡಿಕೊಂಡ ಕೈ ಅದು. ಹೊರಗಿನಿಂದ ಬಂದವರು ಹೊರಗೆ ಸಾಗಿಸುವುದನ್ನು ನೀನೇ ತಡೆ. ಆ ಕೈಗೆ ನಾಚಿಕೆ ಕಲಿಸು."

"ಆಮೆನ್" ಎಂದ ಪ್ರಭಾಕರ ಅರ್ಧ ಗಮನದಲ್ಲಿ. "ಆಮೆನ್" ಎಂದಳು ಪ್ರೇಮಲತ. ಹೊರಗಿನಿಂದ ಬಂದವಳು ಆ ಮನೆಯಲ್ಲಿ ತಾನೊಬ್ಬಳೇ ಎಂಬುದು ಮಾರ್ತಳಿಗೆ ಹೊಳೆಯುವಷ್ಟರಲ್ಲಿ, ಮಾವನ ಗಟ್ಟಿ ದನಿಯೂ ಬಂತು.

"ಆಮೆನ್."

ಊಟಕ್ಕೆ ಕುಳಿತಾಗ ಮಾರ್ತ ಮುದ್ದೆ ಬಡಿಸುತ್ತ ಕೇಳಿದಳು. "ಅತ್ತೆ, ನೀವು ಪ್ರಾರ್ಥನೇಲಿ ಅಂದಿದ್ದು ನನ್ನಾ?"

"ನಾನು ದೇವರ ಹತ್ರ ಮಾತಾಡ್ದೆ. ನಿನ್ನ ಹತ್ರ ಅಲ್ಲ."

"ನನಗೂ ಕೇಳಿಸ್ತಲ್ಲ ಅತ್ತೆ."

"ಕೇಳಿಸಿದ್ರೆ ಒಳ್ಳೇದೇ ಆಯ್ತು" ಎಂದರು ಸಮಾಧಾನಮ್ಮ. "ಬಸ್ಸಾರು ಹಾಕು."

ದೇವದಾನಪ್ಪ ತಲೆ ಎತ್ತಲಿಲ್ಲ. ಎರಡನೆಯ ಮುದ್ದೆ ಬೇಡವೆಂದು ಕೈ ಅಡ್ಡ ಹಿಡಿದರು.

ಅಕ್ಕಿ ತೆಗೆದ ಕೈ ಅವರದೇ.

ದೇವದಾನಪ್ಪನವರ ತಂದೆತಾಯಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಅವರು ಮುನಿಶಾಮಿ ಎಂಬ ಹೆಸರಿನ ಹುಡುಗ. ಅಕ್ಕ ದೊಡ್ಡಗಂಗಮ್ಮ ಆಗಲೇ ವೇಮಗಲ್ಲಿಗೆ ಮದುವೆಯಾಗಿ ಹೋಗಿದ್ದಳು. ತಮ್ಮ ದೇವದಾನಪ್ಪನಾದ. ಅಕ್ಕ ಊರದೇವತೆ ಗಂಗಮ್ಮನ ಪೂಜೆ ಮಾಡುತ್ತಲೇ ಉಳಿದಳು. ಆದರೂ ಹೋಗಿ ಬರುವುದಿತ್ತು. ಅದು ನಿಂತದ್ದು ಪ್ರಭಾಕರನ ಮದುವೆಯ ದಿನ. ಸೋದರತ್ತೆಯಾಗಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡು ಬಂದಿದ್ದ ಅವಳನ್ನು ದೇವಾಲಯದ ಬಾಗಿಲಲ್ಲೇ ತಡೆದ ಸಮಾಧಾನಮ್ಮ, "ಈ ತಟ್ಟೆ ಹೊರಗೇ ಇರಲಿ ಅಕ್ಕ" ಅಂದಿದ್ದರು. ದೊಡ್ಡಗಂಗಮ್ಮ ತಟ್ಟೆಯ ಜೊತೆಗೆ ತಾನೂ ಹೊರಗೇ ಉಳಿದು, ಊಟ ಮಾಡದೆ ಬಸ್ಸು ಹತ್ತಿದ್ದಳು. ಮರುವರ್ಷ ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಕೂಲಿಗೆ ಹೋಗುತ್ತಿದ್ದವಳು ಈ ಮಳೆಗಾಲದಲ್ಲಿ ಬದುವಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು.

ದೇವದಾನಪ್ಪ ಹೆಂಡತಿಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಸಭೆಯಲ್ಲಿ ಕೇಳುವ ಹಾಗಂತೂ ಇರಲಿಲ್ಲ. ಹಿಂದೊಮ್ಮೆ ಯಾರೋ, ಬೀದಿಯ ಕೊನೆಯ ಹಿಂದೂ ವಿಧವೆಗೂ ಹಿಡಿ ಅಕ್ಕಿ ಕೊಡೋಣವೆಂದಾಗ, ಎದ್ದು ನಿಂತು, "ಸಭೆಯ ಅಕ್ಕಿ ಸಭೆಯವರಿಗೆ" ಎಂದು ಖಡಾಖಂಡಿತವಾಗಿ ಹೇಳಿದವರು ಅವರೇ. ಎಲ್ಲರೂ ಒಪ್ಪಿದ್ದರು. ಈಗ ಮಧ್ಯಾಹ್ನ ಮಗಳು ಶಾಲೆಯಲ್ಲಿ, ಮಗ ಡಿಪೋದಲ್ಲಿ, ಅತ್ತೆಸೊಸೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿರುವಾಗ, ಆ ಹಿರಿಯರು ಡಬ್ಬ ತೆರೆದು ಒಂದಿಷ್ಟು ಅಕ್ಕಿ ತೆಗೆದು, ಹೆಬ್ಬೆರಳಿನಿಂದ ಶಿಲುಬೆ ಬರೆದು ಮುಚ್ಚುತ್ತಿದ್ದರು. ಬರೆಯುವಾಗ ಬೆರಳು ಸುಟ್ಟ ಹಾಗಾಗುತ್ತಿತ್ತು. ಆದರೂ ಬರೆಯುತ್ತಿದ್ದರು.

"ಕಾಯಿಲೆಯವರನ್ನ ನೋಡ್ಕೊಂಡು ಬರ್ತೀನಿ" ಎಂದು ವೇದಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡರೆ ವೇಮಗಲ್ ಬಸ್ಸು. ಚೀಲದೊಳಗೆ ಪುಸ್ತಕದ ಕೆಳಗೆ ಅಕ್ಕಿಯ ಗಂಟು.

"ಏಮಿರಾ ಮುನಿಶಾಮಿ, ಮತ್ತೆ ಅಕ್ಕಿನಾ?" ಎನ್ನುವಳು ದೊಡ್ಡಗಂಗಮ್ಮ, ಹಳೆಯ ಹೆಸರಿನಿಂದಲೇ. "ನಿನ್ ಹೆಂಡ್ತಿಗೆ ಗೊತ್ತೇನ್ಲಾ?"

"ಅವಳೇ ಕಳಿಸಿದ್ದು ಅಕ್ಕ."

"ಹೌದಾ?" ದೊಡ್ಡಗಂಗಮ್ಮ ತಮ್ಮನ ಮುಖವನ್ನೇ ನೋಡುವಳು. ತಮ್ಮ ನೆಲ ನೋಡುತ್ತಿದ್ದ. "ಒಳ್ಳೇದಾಯ್ತು ಬಿಡು. ಅವಳ ಕೈ ತಣ್ಣಗಿರಲಿ ಅನ್ನು."

ಮಾರ್ತಳಿಗೆ ವಿಷಯ ತಿಳಿದದ್ದು ಒಂದು ಸಂಜೆ ಹಿಡಿ ಹಾಕಲು ಮುಚ್ಚಳ ತೆರೆದಾಗ. ಅಕ್ಕಿಯ ಮೇಲಿದ್ದ ಶಿಲುಬೆ ಅತ್ತೆಯ ಬೆರಳಿನದಲ್ಲ. ಅತ್ತೆಯದು ಸಣ್ಣಗೆ, ದಾರ ಎಳೆದ ಹಾಗೆ. ಇದು ಅಗಲವಾಗಿ ಒತ್ತಿ ಬರೆದದ್ದು. ಮದುವೆಯಾದ ಹೊಸತರಲ್ಲಿ ತನಗೆ ಟೈಫಾಯಿಡ್ ಬಂದಾಗ, ಮಾವ ಪಕ್ಕದಲ್ಲಿ ಕುಳಿತು, ಇದೇ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಪ್ರಾರ್ಥಿಸಿದ್ದರು. ಅವಳಿಗೆ ಕೋಪ ಬರಬೇಕಿತ್ತು, ಬಂದದ್ದು ನಾಚಿಕೆ. ಮಾವನನ್ನು ಬಟ್ಟೆಯಿಲ್ಲದೆ ನೋಡಿಬಿಟ್ಟೆನೇನೋ ಎಂಬಂತೆ ಮುಖ ಬಿಸಿಯಾಯಿತು. ಹಿಡಿ ಹಾಕಿ ಮುಚ್ಚಳ ಮುಚ್ಚಿದಳು.

ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದಳು. ಅತ್ತೆಯ ಪ್ರಾರ್ಥನೆ ದಿನದಿನಕ್ಕೆ ಹರಿತವಾಯಿತು. ಮಾವನ ಆಮೆನ್ ತಪ್ಪಲಿಲ್ಲ.

"ನೀವಾದ್ರೂ ಒಂದು ಮಾತು ಕೇಳ್ಬಾರ್ದಾ?" ಎಂದಳು ಗಂಡನನ್ನು, ಅವನ ಡಿಪೋ ಬಟ್ಟೆಗೆ ಸೋಪು ತಿಕ್ಕುತ್ತ.

"ಅಮ್ಮ ನಿನ್ ಹೆಸರು ತಗೊಂಡಿಲ್ವಲ್ಲ ಮಾರ್ತಾ."

"ಹೆಸರು ತಗೊಂಡಿದ್ರೆ ನಾನೂ ಬಾಯ್ಬಿಟ್ಟು ಉತ್ತರ ಹೇಳ್ತಿದ್ದೆ. ದೇವರ ಬೆನ್ನ ಹಿಂದೆ ನಿಂತ್ಕೊಂಡು ಕಲ್ಲು ಹೊಡೆದ್ರೆ ನಾನು ಯಾರಿಗೆ ಹೇಳ್ಲಿ?"

"ನೀನು ತಗೊಂಡಿಲ್ಲ ತಾನೇ? ಹಂಗಿದ್ಮೇಲೆ ಯಾಕೆ ಹೆದರ್ತೀಯ?"

ಸೋಪು ತಿಕ್ಕುತ್ತಿದ್ದ ಕೈ ನಿಂತಿತು. "ತಗೊಂಡಿಲ್ಲ ತಾನೇ ಅಂತ ನೀವೂ ಕೇಳ್ತೀರಾ?" ಎಂದಳು. ಪ್ರಭಾಕರನಿಗೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬರಲಿಲ್ಲ. ಬಕೆಟ್ಟು ಎತ್ತಿಕೊಂಡು ನೀರು ತರಲು ಹೋದ.

ಹೀಗಿರುವಾಗ ಪ್ರೇಮಲತಳಿಗೆ ಮಾಲೂರಿನಿಂದ ಸಂಬಂಧ ಬಂತು. ಹುಡುಗ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರು. ತಂದೆ ಯೋಹಾನಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಅಲ್ಲಿಯ ಸಭೆಯಲ್ಲಿ ಹೆಸರುವಾಸಿ ಪ್ರಾರ್ಥನಾವೀರ. ಹುಡುಗಿಯನ್ನು ನೋಡಿದರು, ಒಪ್ಪಿದರು. ಮಾರ್ತ ಬೆಳಗಿನಿಂದ ಒಲೆಯ ಮುಂದೆ ಬೆಂದು ಕೋಳಿಸಾರು, ಮುದ್ದೆ, ಅನ್ನ, ಕಡಲೆಬೇಳೆ ಪಾಯಸ ಮಾಡಿದ್ದಳು. ಯೋಹಾನಪ್ಪನವರ ಹೆಂಡತಿ ಅಡುಗೆಮನೆಗೇ ಬಂದು, "ಸೊಸೆ ಕೈರುಚಿ ಚೆನ್ನಾಗದೆ ಕಣಮ್ಮ" ಎಂದು ಹೊಗಳಿದ್ದರು. ಊಟಕ್ಕೆ ಮೊದಲು ಎರಡು ಮನೆಯವರೂ ಸೇರಿ ಮೊಣಕಾಲೂರಿದರು.

ಸಮಾಧಾನಮ್ಮ ಚೆನ್ನಾಗಿಯೇ ಶುರು ಮಾಡಿದರು. ಬಂದವರಿಗಾಗಿ ಸ್ತೋತ್ರ, ಒಲಿದ ಸಂಬಂಧಕ್ಕಾಗಿ ಸ್ತೋತ್ರ. ಆಮೇಲೆ ಮಗಳ ಮೇಲಿನ ಪ್ರೀತಿ ಉಕ್ಕಿತು. ನಾಲಿಗೆ ವಾರಗಟ್ಟಲೆ ನಡೆದ ದಾರಿಯಲ್ಲೇ ನಡೆಯಿತು.

"ಕರ್ತನೇ, ನನ್ನ ಮಗಳ ಕೈ ಶುದ್ಧವಾದದ್ದೆಂದು ನೀನು ಬಲ್ಲೆ. ಈ ಮನೆಗೆ ಸೊಸೆಯಾಗಿ ಬಂದವಳಂತೆ ನಿನ್ನ ಡಬ್ಬಕ್ಕೆ ಕೈಹಾಕಿ ತವರಿಗೆ ಸಾಗಿಸುವವಳಲ್ಲ ಅವಳು. ಹೋದ ಮನೆಯಲ್ಲಿ ಅವಳು ನಂಬಿಗಸ್ತಳಾಗಿ ಬಾಳುವಳು..."

ಹೇಳಿ ಮುಗಿಸಿದ ಮೇಲೆಯೇ ಏನು ಹೇಳಿದೆನೆಂದು ಅವರಿಗೆ ಕೇಳಿಸಿದ್ದು. ಮಾಲೂರಿನವರು ತುಟಿ ಬಿಚ್ಚಲಿಲ್ಲ. ಪ್ರಭಾಕರ, ಪ್ರೇಮಲತ ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಮೌನದ ನಡುವೆ, ಬರೀ ರೂಢಿಯ ಬಲದಿಂದ, ದೇವದಾನಪ್ಪನವರ ಗಂಟಲೊಂದೇ ಗಟ್ಟಿಯಾಗಿ ಮೊಳಗಿತು.

"ಆಮೆನ್."

ಅತಿಥಿಗಳು ಊಟ ಮಾಡಿದರು. ಮಾರ್ತಳೇ ಬಡಿಸಿದಳು. ಅನ್ನ ಹಾಕುವಾಗ ಅವಳ ಕೈಯನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಸೌಟು ಹಿಡಿದ ಆ ಕೈಯನ್ನು ಎಲ್ಲಾದರೂ ಬಚ್ಚಿಡುವ ಹಾಗಿದ್ದರೆ ಬಚ್ಚಿಡುತ್ತಿದ್ದಳು. ಯೋಹಾನಪ್ಪನವರ ಹೆಂಡತಿ ಪಾಯಸ ಬೇಡವೆಂದರು.

ಮುಂದಿನ ವಾರ ಸಭಾಪಾಲಕರ ಮೂಲಕ ಉತ್ತರ ಬಂತು. ಅಯ್ಯನವರು ಕುರ್ಚಿಯ ತುದಿಯಲ್ಲಿ ಕುಳಿತು, ಮೇಲೆ ಕೆಳಗೆ ನೋಡಿ, ಕೊನೆಗೆ ಹೇಳಿದರು. "ಅವರು ಬೇಡ ಅಂತಾರೆ. ಸೊಸೇನ ದೇವರ ಮುಂದೆ ಕಳ್ಳಿ ಮಾಡೋ ಮನೆ ಹುಡುಗಿ, ನಮ್ಮನೇಗೆ ಬಂದು ನಮ್ಮ ಮೇಲೆ ಏನಂತ ಪ್ರಾರ್ಥನೆ ಮಾಡ್ತಾಳೋ ಅಂತ ಯೋಹಾನಪ್ಪನ ಹೆಂಡ್ತಿ ಕೇಳಿದ್ರು. ನನಗೆ ಏನು ಹೇಳಬೇಕೋ ತೋಚಲಿಲ್ಲ."

ಅವರು ಹೊರಟ ಮೇಲೆ ಆ ಮನೆಯಲ್ಲಿ ಮೊದಲ ಸಲ ಕಣ್ಣು ಬಿಟ್ಟುಕೊಂಡು ಜಗಳವಾಯಿತು.

"ನನ್ ಮದುವೆ ಮುರಿದಿದ್ದು ನಿನ್ ಪ್ರಾರ್ಥನೆ ಕಣಮ್ಮ!" ಎಂದು ಪ್ರೇಮಲತ ಕಿರುಚಿದಳು. "ಸ್ಕೂಲಲ್ಲಿ ಎಲ್ರಿಗೂ ಗೊತ್ತಾಗೋಗಿದೆ. ಏನಂತ ತಲೆ ಎತ್ಲಿ?"

"ನಾನು ಕದ್ದಿದ್ದೀನೇನೇ? ಕದ್ದೋರ್ನ ಕೇಳು!"

"ನಾನು ಶನಿವಾರ ತಾಯಲೂರಿಗೆ ಹೋಗ್ತೀನಿ" ಎಂದಳು ಮಾರ್ತ ಬಾಗಿಲ ಹತ್ತಿರದಿಂದ. ದನಿ ಎತ್ತರವೇನೂ ಇರಲಿಲ್ಲ. "ವಾಪಸ್ ಬರೋದು ನನ್ ಕೈಲಿಲ್ಲ."

"ಮಾರ್ತಾ..." ಎಂದ ಪ್ರಭಾಕರ.

"ನೀವು ಕರೆಯೋಕೆ ಬರ್ಬೇಡಿ. ಯಾರು ಬರ್ಬೇಕು ಅಂತ ಅವರಿಗೆ ಗೊತ್ತು."

ಅವಳು ಯಾರ ಕಡೆಗೂ ನೋಡಲಿಲ್ಲ. ಆದರೆ ಮೂಲೆಯ ಕುರ್ಚಿಯಲ್ಲಿದ್ದ ದೇವದಾನಪ್ಪನವರ ಕೈಯಿಂದ ಕನ್ನಡಕ ಜಾರಿ ಬಿತ್ತು.

ಆ ವಾರ ಕುಟುಂಬ ಪ್ರಾರ್ಥನೆ ನಡೆಯಲಿಲ್ಲ. ಚಾಪೆ ಸುತ್ತಿದ ಹಾಗೆಯೇ ಗೋಡೆಗೆ ಒರಗಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ತಟ್ಟೆಯ ಮುಂದೆ ತುಟಿಯಲ್ಲೇ ಸ್ತೋತ್ರ ಹೇಳಿ ಉಂಡು ಎದ್ದರು. ನಲ್ಲಿಯ ಹತ್ತಿರ ಶಾಮಲಮ್ಮ ಈ ಸಲ ನಗದೆ ಕೇಳಿದಳು. "ಯಾಕಮ್ಮ, ನಿಮ್ಮನೇಲಿ ದೇವರ ಮಾತೇ ಕೇಳಿಸ್ತಿಲ್ಲ? ಗೋಡೆ ಆಚೆ ನಮಗೇ ಏನೋ ಬಿಕೋ ಅಂತದೆ." ಸಮಾಧಾನಮ್ಮ ಬಿಂದಿಗೆ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಟ್ಟರು.

ಶುಕ್ರವಾರ ಸಂಜೆ ದೇವದಾನಪ್ಪ ತಾವೇ ಚಾಪೆ ಹಾಸಿದರು. "ಬನ್ನಿ ಎಲ್ಲಾ" ಎಂದರು. ಮಾರ್ತಳ ಟ್ರಂಕು ಕಟ್ಟಿ ತಯಾರಾಗಿ ಬಾಗಿಲ ಪಕ್ಕದಲ್ಲಿತ್ತು. ಎಲ್ಲರೂ ಬಂದು ಕುಳಿತರು. ಕೀರ್ತನೆ ಹೇಳಲು ಯಾರಿಗೂ ಗಂಟಲಿರಲಿಲ್ಲ. ಅವರು ಕಣ್ಣು ಮುಚ್ಚಿ, ಕೈ ಜೋಡಿಸಿ, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದರು.

"ದಯಾಪರನಾದ ತಂದೆಯೇ, ನಿನ್ನ ದಾಸರಲ್ಲಿ ಒಬ್ಬನು ಬಲಹೀನತೆಯ ನಿಮಿತ್ತ ಎಡವಿದ್ದಾನೆ. ಆತನು ಪರಿಶುದ್ಧವಾದದ್ದನ್ನು..."

"ಮಾವ."

ಪ್ರಾರ್ಥನೆಯ ನಡುವೆ ಬಾಯಿ ಹಾಕಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

"ಮಾವ, ಕಣ್ಣು ಬಿಟ್ಟು ಹೇಳಿ" ಎಂದಳು ಮಾರ್ತ. "ದೇವರಿಗೆ ಗೊತ್ತು. ಗೊತ್ತಿಲ್ದೇ ಇರೋದು ಇವರಿಗೆ."

ದೇವದಾನಪ್ಪ ಕಣ್ಣು ಬಿಟ್ಟರು. ಎದುರಿಗೆ ಹೆಂಡತಿ, ಮಗ, ಮಗಳು, ಸೊಸೆ. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ಎಷ್ಟೋ ವರ್ಷಗಳಿಂದ ಪಾಪಗಳನ್ನು ಸಲೀಸಾಗಿ ಒಪ್ಪಿಸುತ್ತ ಬಂದ ಮನುಷ್ಯನಿಗೆ ಈ ನಾಲ್ಕು ಮುಖಗಳ ಮುಂದೆ ಒಂದು ಪದವೂ ಸಿಗಲಿಲ್ಲ. ಕೊನೆಗೆ ಬಂದದ್ದು ಪುಸ್ತಕದ ಕನ್ನಡವಲ್ಲ.

"ಅಕ್ಕಿ ತಗೊಂಡಿದ್ದು ನಾನು. ವೇಮಗಲ್ ಅಕ್ಕನಿಗೆ ಕೊಟ್ಟೆ. ಅವಳಿಗೆ ಕಾಲು ಮುರಿದಿತ್ತು. ಕೇಳೋಕೆ ನನಗೆ ಮುಖ ಇರಲಿಲ್ಲ." ಆಮೇಲೆ ಮಾರ್ತಳ ಕಡೆ ತಿರುಗಿದರು. "ನಿನ್ನ ಅಂತಿದ್ದಾಗೆಲ್ಲ ನಾನು ಇಲ್ಲೇ ಕೂತಿದ್ದೆ ಕಣಮ್ಮ. ತಪ್ಪಾಯ್ತು."

ಪ್ರಭಾಕರ ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ. ಅವನು ಹೆಂಡತಿಯನ್ನು ಕೇಳಿದ ಪ್ರಶ್ನೆ ಈಗ ಅವನ ಕಿವಿಯಲ್ಲೇ ಕೂಗುತ್ತಿತ್ತು. ಸಮಾಧಾನಮ್ಮ ಮಾತ್ರ ಗಂಡನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಶಿಲುಬೇನೂ ನೀವೇ ಬರೆದ್ರಾ?"

"ಹೂಂ."

"ನಾನು ಬಾಯಿಗೆ ಬಂದಂಗೆ ಅಂತಿದ್ದೆ, ನಿಜ. ನನಗೆ ಗೊತ್ತಿರಲಿಲ್ಲ." ಅವರು ಚಾಪೆಯ ಮೇಲೆ ಗಂಡನ ಕಡೆಗೆ ಸರಿದರು. "ನಿಮಗೆ ಗೊತ್ತಿತ್ತಲ್ರೀ! ಗೊತ್ತಿದ್ದೂ ಆಮೆನ್ ಅಂದ್ರಲ್ರೀ!"

ಪ್ರಾರ್ಥನೆ ಅಲ್ಲಿಗೇ ನಿಂತಿತು. ಆಮೆನ್ ಹೇಳದೆ ಚಾಪೆಯಿಂದ ಎದ್ದದ್ದು ಅದೇ ಮೊದಲು.

ಬೆಳಗ್ಗೆ ಮಾರ್ತ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕುಳಿತಿದ್ದಳು. ಮಾವ ತಪ್ಪು ಒಪ್ಪಿಕೊಂಡಿದ್ದರು. ಆದರೆ ಕಳ್ಳಿ ಎಂದ ಬಾಯಿ ಇನ್ನೂ ಏನೂ ಹೇಳಿರಲಿಲ್ಲ. ರಾತ್ರಿಯೆಲ್ಲ ಅತ್ತೆ ಮಗ್ಗುಲು ಬದಲಾಯಿಸಿದ್ದು ಕೇಳಿಸಿತ್ತು, ಮಾತು ಮಾತ್ರ ಕೇಳಿಸಿರಲಿಲ್ಲ. ಮುಳಬಾಗಿಲು ಬಸ್ಸಿಗೆ ಇನ್ನೂ ಹೊತ್ತಿತ್ತು. ಪ್ರಭಾಕರ ಸ್ವಲ್ಪ ದೂರದಲ್ಲಿ, ಹತ್ತಿರ ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದ.

ಜನರ ನಡುವೆ ಸಮಾಧಾನಮ್ಮ ಬರುವುದು ಕಾಣಿಸಿತು. ಸೊಂಟದ ಮೇಲೆ ಕರ್ತನ ಡಬ್ಬ. ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ದೇವದಾನಪ್ಪ.

"ತಾಯಲೂರು ಬಸ್ ಆಮೇಲೆ ಹತ್ತು" ಎಂದರು ಸಮಾಧಾನಮ್ಮ, ಸೊಸೆಯ ಮುಖ ನೋಡದೆ ಟ್ರಂಕು ನೋಡುತ್ತ. "ಮೊದ್ಲು ನನ್ ಜೊತೆ ವೇಮಗಲ್ಲಿಗೆ ಬಾ. ಅವಳ ಮನೆ ಬಾಗಿಲಿಗೆ ನಾನೊಬ್ಬಳೇ ಹೋಗೋಕೆ ಆಗಲ್ಲ."

"ನಾನ್ಯಾಕೆ ಅತ್ತೆ?"

"ನೀನು ಪಕ್ಕದಲ್ಲಿದ್ರೆ ನಾನು ಸುಳ್ಳು ಹೇಳಲ್ಲ."

ಮಾರ್ತ ಎದ್ದಳು. ಟ್ರಂಕು ಪ್ರಭಾಕರನ ಬಳಿ ಉ‍ಳಿಯಿತು.

ದೊಡ್ಡಗಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ತಮ್ಮನ ಹಿಂದೆ ನಾದಿನಿಯನ್ನು ಕಂಡು ಏಳಲು ಹೋಗಿ ಆಗದೆ, ಕುಳಿತಲ್ಲಿಂದಲೇ ಎರಡೂ ಕೈ ಚಾಚಿದಳು.

"ಬಾರಮ್ಮ ಸಮಾಧಾನ. ವಾರವಾರ ಅಕ್ಕಿ ಕಳಿಸ್ದೆ. ಸ್ವಂತ ತಂಗಿ ಇದ್ದಿದ್ರೂ ಕಳಿಸ್ತಿದ್ದಳೋ ಇಲ್ಲವೋ. ನಿನ್ ಕೈ ತಣ್ಣಗಿರಲಿ." ಸಮಾಧಾನಮ್ಮನ ಕೈಯನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. "ನಿಮ್ಮೋರು ಕೊನೇಲಿ ಏನೋ ಅಂತಾರಲ್ಲ, ಹಂಗೇ ಆಗ್ಲಿ ಅಂತ. ಏನದು?"

ದೇವದಾನಪ್ಪ ಬಾಯಿ ತೆರೆದು ಮುಚ್ಚಿದರು. ಮಾರ್ತ ಅತ್ತೆಯನ್ನು ನೋಡುತ್ತ ನಿಂತಳು. ಸಮಾಧಾನಮ್ಮ ಕೈ ಬಿಡಿಸಿಕೊಂಡರು.

"ಅದನ್ನ ಅನ್ನಬೇಡ ಅಕ್ಕ. ಅಕ್ಕಿ ನಾನು ಕಳಿಸ್ಲಿಲ್ಲ. ಇವರು ನನಗೆ ಹೇಳ್ದೆ ತಂದ್ರು. ನಾನು ನನ್ ಸೊಸೇನ ಕಳ್ಳಿ ಅಂದೆ. ದಿನಾ ಅಂದೆ. ಬಂದೋರ ಮುಂದೆ ಅಂದೆ." ಅವರ ಮುಖ ಅಳುವಿಗೆ ಸೊಟ್ಟಗಾಯಿತು. "ನಿನ್ನ ತಟ್ಟೇನ ಹೊರಗಿಟ್ಟೋಳು ನಾನು. ನಾನೆಲ್ಲಿ ಕಳಿಸ್ತೀನಿ ಅಕ್ಕ?"

ದೊಡ್ಡಗಂಗಮ್ಮ ಮಡಿಲಿನಲ್ಲಿದ್ದ ಅವರೆಕಾಯಿಯ ಸಿಪ್ಪೆಯನ್ನು ಸುಮ್ಮನೆ ಆಯುತ್ತಿದ್ದಳು.

"ಗೊತ್ತಿತ್ತು ಕಣೇ" ಎಂದಳು. "ಇವನಿಗೆ ಚಿಕ್ಕಂದಿನಿಂದ ಸುಳ್ಳು ಹೇಳೋಕೆ ಬರಲ್ಲ. ನೆಲ ನೋಡ್ತಾನೆ." ಮೆಲ್ಲಗೆ ಸೇರಿಸಿದಳು. "ಗೊತ್ತಿದ್ದೂ ಉಂಡೆ. ಏನ್ಮಾಡ್ಲಿ."

ಆಮೇಲೆ ಮುದುಕಿಯೇ, "ಬಂದೋರು ಉಪವಾಸ ಹೋಗಬಾರ್ದು. ನಾನಂತೂ ಏಳಲಾರೆ. ಯಾರಾದ್ರೂ ಒಲೆ ಹಚ್ಚಿ" ಎಂದಳು. ಮಾರ್ತ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಸಮಾಧಾನಮ್ಮ ಹಿಂದೆಯೇ ಹೋಗಿ ಕರ್ತನ ಡಬ್ಬದ ಮುಚ್ಚಳ ತೆಗೆದು ಮುಂದಿಟ್ಟರು. ಅಕ್ಕಿಯ ಮೇಲೆ ಶಿಲುಬೆ ಇರಲಿಲ್ಲ.

ಮಾರ್ತ ಪಾತ್ರೆಗೆ ಅಕ್ಕಿ ಸುರಿದಳು. ತೊಳೆಯುವ ಮೊದಲು ಕೈ ತಾನಾಗಿಯೇ ಹೋಗಿ, ರೂಢಿಯಂತೆ ಒಂದು ಹಿಡಿ ತೆಗೆಯಿತು. ತೆಗೆದ ಮೇಲೆ ಅವಳಿಗೆ ನೆನಪಾಯಿತು. ಡಬ್ಬದ ಅಕ್ಕಿಯನ್ನೇ ಬೇಯಿಸುವಾಗ ಡಬ್ಬದ ಭಾಗವೆಂದು ತೆಗೆದು ಹಾಕುವುದೆಲ್ಲಿಗೆ? ಇಷ್ಟು ದಿನ ಎಲ್ಲರೂ ಕಣ್ಣಿಟ್ಟು ನೋಡಿದ ಆ ಕೈ ಅಕ್ಕಿಯನ್ನು ಬಿಗಿಹಿಡಿದುಕೊಂಡು ಗಾಳಿಯಲ್ಲೇ ನಿಂತಿತು.

ಸಮಾಧಾನಮ್ಮ ಸೊಸೆಯ ಮುಂದೆ ನೆಲದ ಮೇಲೆ ಮೊಣಕಾಲೂರಿದರು. ಎರಡೂ ಕೈಗಳಲ್ಲಿ ಸೆರಗು ಹಿಡಿದು ಅಗಲಿಸಿ ಒಡ್ಡಿದರು. ಕಣ್ಣು ಮುಚ್ಚಲಿಲ್ಲ.

"ಇಲ್ಲಿ ಹಾಕಮ್ಮ" ಎಂದರು. "ನಾನು ಹಿಡ್ಕೊಂಡಿರ್ತೀನಿ."